ಟ್ರ್ಯಾಕ್ಟರ್ ಓಡಿಸಲು ಬರುತ್ತದೆ, ಆರೈಕೆ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಟ್ರ್ಯಾಕ್ಟರ್ ಓಡಿಸಲು ಕಲಿತಿದ್ದೇನೆ. ಎಂಜಿನ್ ವಿಷಯ ಮಾತ್ರ ಏನೂ ತಿಳಿಯದು. ಮೆಕ್ಯಾನಿಕ್‌ಗೆ ಕಾಯದೆ ನಾನೇ ಮಾಡಿಕೊಳ್ಳಬಹುದಾದ ಕೆಲಸಗಳು ಯಾವುವು?

ಉತ್ತರ: ಎಂಜಿನ್‌ಗೆ ಹೋಗುವ ಗಾಳಿಯನ್ನು ಸೋಸುವ ಏರ್ ಕ್ಲೀನರ್‌ನಿಂದ ಶುರು ಮಾಡಿ. ಹೆಚ್ಚಿನವರು ಮೊದಲು ಎಂಜಿನ್ ಆಯಿಲ್ ನೋಡಿ ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅದಕ್ಕೆ ಎರಡನೇ ಸ್ಥಾನ. ಒಂದು ಲೀಟರ್ ಡೀಸೆಲ್ ಉರಿಸಲು ಎಂಜಿನ್‌ಗೆ ಕಡಿಮೆಯೆಂದರೂ ಸುಮಾರು 10,000 ಲೀಟರ್ ಗಾಳಿ ಬೇಕು. ಅದೂ ಎಂಥ ಗಾಳಿ! ತನ್ನದೇ ಚಕ್ರ, ತನ್ನದೇ ನೇಗಿಲು ಎಬ್ಬಿಸಿದ ದೂಳಿನ ನಡುವಿನದು. ಆ ದೂಳು ಒಳಹೊಕ್ಕರೆ ಪಿಸ್ಟನ್ ರಿಂಗುಗಳನ್ನೂ ಸಿಲಿಂಡರನ್ನೂ ಮರಳು ಕಾಗದದಂತೆ ತೇಯುತ್ತದೆ.

ನಿಮ್ಮದು ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಆಗಿದ್ದರೆ ದೂಳು ಕೆಸರಾಗಿ ಬಟ್ಟಲಿನ ತಳದಲ್ಲಿ ಕೂರುತ್ತದೆ. ಬಟ್ಟಲು ಕಳಚಿ, ಕೊಳೆ ತೆಗೆದು, ಡೀಸೆಲ್‌ನಲ್ಲಿ ತೊಳೆದು, ಗುರುತಿನವರೆಗೆ ಹೊಸ ಎಣ್ಣೆ ಹಾಕಿ. ಸ್ವಲ್ಪ ಹೆಚ್ಚೇ ಇರಲಿ ಎಂಬ ಧಾರಾಳತನ ಇಲ್ಲಿ ಬೇಡ. ಹೆಚ್ಚಾದ ಎಣ್ಣೆಯನ್ನು ಎಂಜಿನ್ ಒಳಗೆ ಎಳೆದುಕೊಳ್ಳುತ್ತದೆ. ಕಾಗದದ ಫಿಲ್ಟರ್ ಆದರೆ ಟೈರಿಗೆ ಬಡಿದು ದೂಳು ಕೊಡವುವ ಅಭ್ಯಾಸ ಬಿಡಿ. ಕಾಗದ ಎಲ್ಲಿ ಸೀಳಿತು ಎಂಬುದು ಕಣ್ಣಿಗೆ ಕಾಣುವುದಿಲ್ಲ, ದೂಳಿಗೆ ಮಾತ್ರ ದಾರಿ ಸಿಗುತ್ತದೆ. ಕೆಲವದರಲ್ಲಿ ಒಳಗೆ ಇನ್ನೊಂದು ಸಣ್ಣ ಫಿಲ್ಟರ್ ಇರುತ್ತದೆ. ಅದನ್ನು ಶುಚಿ ಮಾಡುವುದಿಲ್ಲ, ಬದಲಾಯಿಸುತ್ತಾರೆ ಅಷ್ಟೇ. ಅಲ್ಲಿಂದ ಎಂಜಿನ್‌ಗೆ ಹೋಗುವ ರಬ್ಬರ್ ಕೊಳವೆಯ ಕ್ಲಿಪ್ಪುಗಳನ್ನೂ ಕೈಯಾಡಿಸಿ ನೋಡಿ. ಅವು ಸಡಿಲವಾಗಿದ್ದರೆ ಮೇಲೆ ಮಾಡಿದ್ದೆಲ್ಲ ವ್ಯರ್ಥ.

ಈಗ ಆಯಿಲ್. ಬೆಳಿಗ್ಗೆ ಎಂಜಿನ್ ಶುರು ಮಾಡುವ ಮುನ್ನ, ಸಮತಟ್ಟಾದ ನೆಲದ ಮೇಲೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತೆಗೆದು ಒರೆಸಿ, ಮತ್ತೆ ಅದ್ದಿ ನೋಡಿ. ಎರಡು ಗುರುತುಗಳ ನಡುವೆ ಇದ್ದರೆ ಸಾಕು. ಬಣ್ಣ ಕಪ್ಪಾಗಿದೆಯೆಂದು ಗಾಬರಿ ಬೇಡ, ಡೀಸೆಲ್ ಎಂಜಿನ್‌ನಲ್ಲಿ ಮಸಿ ಸೇರಿ ಬೇಗನೆ ಕಪ್ಪಾಗುತ್ತದೆ. ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಮಾತ್ರ ನೀರು ಸೇರಿದೆ ಎಂದು ಅರ್ಥ. ಆಗ ಎಂಜಿನ್ ಶುರು ಮಾಡದೆ ಮೆಕ್ಯಾನಿಕ್‌ನನ್ನು ಕರೆಯಿರಿ.

ಎಂಜಿನ್ ತಂಪಾಗಿಸುವ ರೇಡಿಯೇಟರ್‌ನ ಮುಚ್ಚಳವನ್ನು ತಣ್ಣಗಿರುವಾಗಲೇ ತೆಗೆಯಬೇಕು. ಜಾಲರಿಯಲ್ಲಿ ಸಿಕ್ಕಿಕೊಂಡ ಹೊಟ್ಟು, ಹುಲ್ಲನ್ನು ಬಿಡಿಸಿ. ಡೀಸೆಲ್ ಟ್ಯಾಂಕನ್ನು ಸಂಜೆಯೇ ತುಂಬಿಸುವುದು ಒಳ್ಳೆಯದು: ಖಾಲಿ ಜಾಗದ ಗಾಳಿಯಲ್ಲಿರುವ ತೇವ ರಾತ್ರಿಯ ತಂಪಿಗೆ ಹನಿಯಾಗಿ ಡೀಸೆಲ್‌ಗೆ ಇಳಿಯುತ್ತದೆ. ಡೀಸೆಲ್ ಫಿಲ್ಟರ್ ಕೆಳಗಿನ ತಿರುಪು ಸಡಿಲಿಸಿ ಆ ನೀರನ್ನು ಆಗಾಗ ಹೊರಬಿಡಿ. ಗ್ರೀಸ್ ಹಾಕುವಾಗ ಮೊದಲು ನಿಪ್ಪಲ್ (ಗ್ರೀಸ್ ತುಂಬುವ ಸಣ್ಣ ಮೂತಿ) ಒರೆಸಿ. ಇಲ್ಲದಿದ್ದರೆ ಗ್ರೀಸ್ ಜೊತೆ ಮಣ್ಣನ್ನೂ ತುಂಬಿದಂತಾಗುತ್ತದೆ.

ಟ್ರ್ಯಾಕ್ಟರ್ ಸರ್ವೀಸ್‌ನ ಲೆಕ್ಕ ನಡೆಯುವುದು ಕಿಲೋಮೀಟರ್‌ನಲ್ಲಿ ಅಲ್ಲ, ಎಂಜಿನ್ ಓಡಿದ ಗಂಟೆಯಲ್ಲಿ. ಅನೇಕ ಮಾದರಿಗಳಲ್ಲಿ ಆಯಿಲ್ ಬದಲಾವಣೆ 250 ಗಂಟೆಗೊಮ್ಮೆ. ನಿಮ್ಮದಕ್ಕೆ ಕೈಪಿಡಿ ಹೇಳಿದ್ದೇ ಅಂತಿಮ. ಆಯಿಲ್ ಬದಲಾಯಿಸಿದ ದಿನ ಗಂಟೆ ಮೀಟರ್ ಎಷ್ಟು ತೋರಿಸುತ್ತಿತ್ತು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ, ನೆನಪನ್ನು ನಂಬಬೇಡಿ.

ಇಂಜೆಕ್ಟರ್, ಡೀಸೆಲ್ ಪಂಪ್, ಹೈಡ್ರಾಲಿಕ್ ಒಳಭಾಗ ನಿಮ್ಮ ಕೆಲಸವಲ್ಲ. ಮೇಲೆತ್ತಿ ನಿಲ್ಲಿಸಿದ ನೇಗಿಲಿನ ಕೆಳಗೆ ಕೈ ಹಾಕಬೇಡಿ, ಮೊದಲು ಅದನ್ನು ನೆಲಕ್ಕಿಳಿಸಿ. ಪೈಪಿನಲ್ಲಿ ಸೋರಿಕೆ ಕಂಡರೆ ಬೆರಳಿಟ್ಟು ಹುಡುಕಬೇಡಿ. ಹೆಚ್ಚಿನ ಒತ್ತಡದಲ್ಲಿ ಚಿಮ್ಮುವ ಎಣ್ಣೆಯ ಸಣ್ಣ ಎಳೆ ಚರ್ಮವನ್ನೇ ತೂರಿ ಹೋಗಬಲ್ಲದು; ಒಂದು ರಟ್ಟಿನ ತುಂಡು ಹಿಡಿದು ನೋಡಿದರೆ ಒದ್ದೆಯ ಗುರುತೇ ಜಾಗ ತೋರಿಸುತ್ತದೆ.