ಜೋರು ಗಾಳಿ, ಕುಣಿಯುವ ನೀರು: ವಿಂಡ್‌ಸರ್ಫ್ ಬೋರ್ಡ್ ಎಷ್ಟು ಲೀಟರಿನದು ಇರಬೇಕು?

ಪ್ರಶ್ನೆ: "ನಾನು ಗದಗದಾಂವ. ತೂಕ 72 ಕೆಜಿ. ಗೋವಾದಾಗ 150 ಲೀಟರಿನ ಬೋರ್ಡ್ ಮ್ಯಾಲೆ ವಿಂಡ್‌ಸರ್ಫಿಂಗ್ ಕಲ್ತೀನಿ. ಸಾಧಾರಣ ಗಾಳ್ಯಾಗ ಚಲೋ ಹೋಗ್ತೀನ್ರಿ. ಗಾಳಿ ಜೋರಾಗಿ ನೀರು ಕುಣಿಯಾಕ ಹತ್ತಿತಂದ್ರ ಬೋರ್ಡ್ ಕೈಗೆ ಸಿಗೂದಿಲ್ಲ. 85 ಲೀಟರಿಂದು ತಗೊಳ್ಳೇನ್ರಿ?"

ಉತ್ತರ: ಈಗಲೇ ಬೇಡ. 95ರಿಂದ 105 ಲೀಟರ್ ಒಳಗೆ, 62ರಿಂದ 65 ಸೆಂಟಿಮೀಟರ್ ಅಗಲದ ಬೋರ್ಡ್ ಹುಡುಕಿ. ಅದಕ್ಕೂ ಮೊದಲು ಸೈಲ್, ಅಂದರೆ ಗಾಳಿ ಹಿಡಿಯುವ ಪಟ, ಚಿಕ್ಕದು ಹಾಕಿ.

ಬೋರ್ಡಿನ ಲೀಟರ್ ಅಂದರೆ ಅದು ಎಷ್ಟು ಭಾರ ತೇಲಿಸುತ್ತದೆ ಎಂಬ ಲೆಕ್ಕ. ಕೆರೆಯ ನೀರಲ್ಲಿ ಲೀಟರಿಗೆ ಒಂದು ಕೆಜಿ. ಸಮುದ್ರದಲ್ಲಿ ಉಪ್ಪಿನಿಂದಾಗಿ ನೂರು ಲೀಟರಿಗೆ ಎರಡೂವರೆ ಕೆಜಿ ಜಾಸ್ತಿ ಸಿಗುತ್ತದೆ. ಈಗ ನಿಮ್ಮ ಭಾರ ಕೂಡಿಸಿ. ನೀವು 72. ಬೋರ್ಡ್ ಸುಮಾರು 7. ಸೈಲ್, ಅದರ ಕಂಬ (ಮಾಸ್ಟ್), ಕೈಯಲ್ಲಿ ಹಿಡಿಯುವ ಅಡ್ಡಕೋಲು (ಬೂಮ್) ಸೇರಿ 8–9. ಒದ್ದೆ ಬಟ್ಟೆ, ಸೈಲಿನ ಎಳೆತ ಹೊರಲು ಮೈಗೆ ಕಟ್ಟುವ ಪಟ್ಟಿ (ಹಾರ್ನೆಸ್) ಅಂತ ಮತ್ತೆರಡು. ಹತ್ತಿರ ಹತ್ತಿರ 90 ಆಯಿತು. 85 ಲೀಟರಿನ ಬೋರ್ಡ್ ಸಮುದ್ರದಲ್ಲಿ ಹೊರುವುದು 87. ಅಂದರೆ ನೀವು ಸುಮ್ನೆ ನಿಂತರೆ ಅದು ಮುಳುಗುತ್ತದೆ. ಓಡುವಾಗ ತೊಂದರೆ ಇಲ್ಲ, ವೇಗ ಬಂದ ಮೇಲೆ ನೀರೇ ಬೋರ್ಡನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ದಡದಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಗಾಳಿ ಬಿದ್ದರೆ ಆಗ ಗೊತ್ತಾಗುತ್ತದೆ ಕಷ್ಟ.

ಹಾಗಾಗಿ ನಾನೇ ನಿಮ್ಮನ್ನು ಕೇಳಬೇಕಾದ್ದು: ವಾಟರ್‌ಸ್ಟಾರ್ಟ್ ಬರುತ್ತದಾ? ನೀರಲ್ಲಿ ಇದ್ದುಕೊಂಡೇ ಸೈಲಿಗೆ ಗಾಳಿ ಹಿಡಿಸಿ, ಅದರ ಎಳೆತಕ್ಕೆ ಬೋರ್ಡ್ ಮೇಲೆ ಏರುವುದು. ಬರದಿದ್ದರೆ ಬೋರ್ಡ್ ಮೇಲೆ ನಿಂತು ಹಗ್ಗ ಜಗ್ಗಿ ಸೈಲ್ ಎತ್ತಬೇಕು. ಅದಕ್ಕೆ ನಿಮ್ಮ ತೂಕಕ್ಕಿಂತ ಸುಮಾರು 30 ಲೀಟರ್ ಜಾಸ್ತಿ ಬೇಕು. ಅಲೆಯಲ್ಲಿ ಅದೂ ಓಲಾಡುತ್ತದೆ. ವಾಟರ್‌ಸ್ಟಾರ್ಟ್ ಹತ್ತು ಸಲಕ್ಕೆ ಎಂಟು ಸಲ ಆಗುವ ತನಕ 100 ಲೀಟರಿಗಿಂತ ಕೆಳಗೆ ಇಳಿಯಬೇಡಿ ಅನ್ನುವುದು ನನ್ನ ಮಾತು.

ಹಾಗಾದರೆ 150ರಲ್ಲೇ ಇರಬಹುದಲ್ವಾ? ಅದೂ ಆಗುವುದಿಲ್ಲ. ಖಾಲಿ ಟ್ರೇಲರ್ ಹೊಲದ ದಾರಿಯಲ್ಲಿ ಹೇಗೆ ಎಗರುತ್ತದೆ ನೋಡಿದ್ದೀರಿ. 72 ಕೆಜಿ ಆಳಿಗೆ ದೊಡ್ಡ ಬೋರ್ಡ್ ಜೋರು ಗಾಳಿಯಲ್ಲಿ ಹಾಗೇ. ಇಲ್ಲಿ ಲೀಟರಿಗಿಂತ ಅಗಲದ ತಪ್ಪು ಜಾಸ್ತಿ. ಕಲಿಯುವ ಬೋರ್ಡ್ 75–80 ಸೆಂಟಿಮೀಟರ್ ಅಗಲ, ಅಡಿಭಾಗ ಹೆಚ್ಚುಕಡಿಮೆ ಚಪ್ಪಟೆ. ಪ್ರತಿ ಅಲೆಗೂ ಪಟ್ ಪಟ್ ಹೊಡೆಯುತ್ತದೆ, ಮುಂದಿನ ಮೂತಿಯ ಕೆಳಗೆ ಗಾಳಿ ಹೊಕ್ಕು ಮೇಲೆಬ್ಬಿಸುತ್ತದೆ. ಅಗಲದ ಹಿಂಭಾಗದ ಅಡಿಗೆ ಹಾಕಿದ ಉದ್ದನೆಯ ಫಿನ್ (ಮೀನಿನ ರೆಕ್ಕೆಯಂಥದ್ದು) ವೇಗ ಹೆಚ್ಚಾದಂತೆ ಒಂದು ಅಂಚನ್ನು ಎತ್ತುತ್ತದೆ, ಕಾಲಿನಿಂದ ಒತ್ತಿ ಹಿಡಿಯಲು ಆಗುವುದಿಲ್ಲ. ಕಿರಿದಾದ ಬೋರ್ಡಿನಲ್ಲಿ ಕಾಲು ನಡುಗೆರೆಗೆ ಹತ್ತಿರ ಇರುತ್ತವೆ. ಅಡಿಯಲ್ಲಿ ದೋಣಿಯ ತಳದಂತೆ ಸ್ವಲ್ಪ ಇಳಿಜಾರು ಇದ್ದರೆ ಅಲೆಯನ್ನು ಹೊಡೆಯುವ ಬದಲು ಸೀಳುತ್ತದೆ. ಕೊಳ್ಳುವಾಗ ಎರಡು ಬೋರ್ಡ್ ಒಂದೇ ಲೀಟರ್ ಇದ್ದರೆ ಕಡಿಮೆ ಅಗಲದ್ದನ್ನೇ ಆರಿಸಿ.

ಇನ್ನು ಸೈಲ್. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 15 ನಾಟ್ ಗಾಳಿ 25 ನಾಟ್ ಆದರೆ, ಅಂದರೆ ಗಂಟೆಗೆ 28 ಕಿಲೋಮೀಟರಿನಿಂದ 46ಕ್ಕೆ ಏರಿದರೆ, ಎಳೆತ ಹತ್ತಿರ ಹತ್ತಿರ 2.8 ಪಟ್ಟು. ಕಲಿತ ದಿನದ ಆರೂವರೆ ಚದರ ಮೀಟರ್ ಸೈಲನ್ನೇ ಹಿಡಿದು ಬೋರ್ಡನ್ನು ಬೈದರೆ ಏನು ಪ್ರಯೋಜನ? 20–25 ನಾಟ್ ಗಾಳಿಗೆ ನಿಮ್ಮ ತೂಕಕ್ಕೆ 5 ಚದರ ಮೀಟರ್ ಸುತ್ತಮುತ್ತ ಸಾಕು. 100 ಲೀಟರ್ ಬೋರ್ಡಿಗೆ ಫಿನ್ 30 ಸೆಂಟಿಮೀಟರ್ ಆಸುಪಾಸು ಇರಲಿ.

ನೀವು ಗದಗದವರು, ಜೋರು ಗಾಳಿ ಅಂದರೆ ನಿಮಗೆ ನೆನಪಾಗುವುದು ಕಪ್ಪತಗುಡ್ಡದ ಫ್ಯಾನುಗಳನ್ನು ತಿರುಗಿಸುವ ಮಳೆಗಾಲದ ಗಾಳಿ. ಆದರೆ ಆ ತಿಂಗಳುಗಳಲ್ಲಿ ನಮ್ಮ ಕರಾವಳಿಯ ಸಮುದ್ರ ಆಟಕ್ಕಲ್ಲ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಯನ್ನೇ ನಿಲ್ಲಿಸಿರುತ್ತಾರೆ. ನೀವು ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ದಾಟಿ ಕಾರವಾರಕ್ಕೆ ಇಳಿಯುವುದು ಚಳಿಗಾಲ, ಬೇಸಿಗೆಯಲ್ಲಿ ತಾನೇ? ಆಗ ಮಧ್ಯಾಹ್ನ ಸಮುದ್ರದಿಂದ ಬೀಸುವ ಗಾಳಿ ಸಾಮಾನ್ಯವಾಗಿ 20 ನಾಟ್ ಮುಟ್ಟುವುದಿಲ್ಲ. 85 ಲೀಟರಿನದು ಕೊಂಡರೆ ಮುಕ್ಕಾಲು ಪಾಲು ದಿನಗಳಲ್ಲಿ ಕಾರಿನ ಮೇಲೇ ಇರುತ್ತದೆ. ಬೆಳಗ್ಗೆ ಘಟ್ಟದ ಕಡೆಯಿಂದ ಬೀಸುವ ಗಾಳಿಗೆ ನೀರು ತಟ್ಟೆಯ ಹಾಗೆ ಸಮವಿರುತ್ತದೆ, ಆಸೆಯಾಗುತ್ತದೆ. ಅದು ಒಳಸಮುದ್ರಕ್ಕೆ ತಳ್ಳುವ ಗಾಳಿ. ಚಿಕ್ಕ ಬೋರ್ಡ್ ತಗೊಂಡು ಅದರಲ್ಲಿ ಹೋಗಲೇಬೇಡಿ.

ಈಗಿರುವ ಬೋರ್ಡಿನಲ್ಲೇ ಮುಂದಿನ ಸಲ ಇಷ್ಟು ಮಾಡಿ ನೋಡಿ: 5ರ ಸೈಲ್ ಬಾಡಿಗೆಗೆ ಕೇಳಿ, ಇದ್ದುದರಲ್ಲಿ ಗಿಡ್ಡ ಫಿನ್ ಹಾಕಿ, ಮಾಸ್ಟ್ ಕೂರಿಸುವ ಜಾಗವನ್ನು ಒಂದೆರಡು ಸೆಂಟಿಮೀಟರ್ ಮುಂದಕ್ಕೆ ಸರಿಸಿ, ಬೂಮ್ ಸ್ವಲ್ಪ ಇಳಿಸಿ. ಮೂತಿ ಏಳುವುದು ಕಡಿಮೆಯಾಗುತ್ತದೆ. ಅಷ್ಟಾದರೂ ಎಗರುತ್ತಿದ್ದರೆ 100 ಲೀಟರಿನ ಬೋರ್ಡಿಗೆ ದುಡ್ಡು ಹಾಕಿ.