ಹತ್ತಕ್ಕೆ ಹತ್ತು ಗೆದ್ದ ಪೂರ್ವ ವಿಭಾಗದ ಬಲವೆಷ್ಟು?

ಅಮೆರಿಕದ ಕಾಲೇಜು ಫುಟ್‌ಬಾಲಿನ ಹಳೆಯ ಕಾನ್ಫರೆನ್ಸ್‌ಗಳಲ್ಲಿ, ಅಂದರೆ ತಮ್ಮತಮ್ಮೊಳಗೆ ಆಡುವ ವಿಶ್ವವಿದ್ಯಾಲಯಗಳ ಕೂಟಗಳಲ್ಲಿ, ಬಿಗ್ ಟೆನ್ ಒಂದು. ಇಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಗೆರೆಯತ್ತ ಓಡುವ ಅಮೆರಿಕನ್ ಆಟ. ಹೆಸರಿನಲ್ಲಿ ಹತ್ತು ಎಂದಿದ್ದರೂ, 2014ರಲ್ಲಿ ಮೇರಿಲ್ಯಾಂಡ್ ಮತ್ತು ರಟ್ಗರ್ಸ್ ಬಂದು ಸೇರಿದಾಗ ಅದರ ಸದಸ್ಯ ವಿಶ್ವವಿದ್ಯಾಲಯಗಳ ಸಂಖ್ಯೆ 14 ಆಯಿತು. ಆಗ ಭೂಪಟವನ್ನು ಮುಂದಿಟ್ಟುಕೊಂಡು ಅವುಗಳನ್ನು ಏಳೇಳರ ಎರಡು ವಿಭಾಗಗಳಾಗಿ ಹಂಚಲಾಯಿತು. ಪೂರ್ವದಲ್ಲಿ ಒಹಾಯೊ ಸ್ಟೇಟ್, ಮಿಶಿಗನ್, ಪೆನ್ ಸ್ಟೇಟ್, ಮಿಶಿಗನ್ ಸ್ಟೇಟ್, ಇಂಡಿಯಾನ, ಮೇರಿಲ್ಯಾಂಡ್, ರಟ್ಗರ್ಸ್. ಪಶ್ಚಿಮದಲ್ಲಿ ವಿಸ್ಕಾನ್ಸಿನ್, ಐಯೊವಾ, ನೆಬ್ರಾಸ್ಕ, ಮಿನೆಸೋಟ, ನಾರ್ತ್‌ವೆಸ್ಟರ್ನ್, ಇಲಿನಾಯ್, ಪರ್ಡ್ಯೂ. ಎಂ.ಎಸ್. ಓದಲು ಹೊರಡುವ ನಮ್ಮ ಎಂಜಿನಿಯರಿಂಗ್ ಪದವೀಧರರಿಗೆ ಈ ಹೆಸರುಗಳಲ್ಲಿ ಹಲವು ಪರಿಚಿತವೇ, ಆದರೆ ಬೇರೆಯೇ ಕಾರಣಕ್ಕೆ.

ಋತುವಿನ ಕೊನೆಗೆ ಎರಡೂ ವಿಭಾಗಗಳ ಅಗ್ರಸ್ಥಾನಿಗಳು ಕಾನ್ಫರೆನ್ಸ್ ಪ್ರಶಸ್ತಿಗಾಗಿ ಇಂಡಿಯಾನಾಪೊಲಿಸ್‌ನಲ್ಲಿ ಸೆಣಸುತ್ತಿದ್ದರು. 2014ರಿಂದ 2023ರವರೆಗೆ ಹತ್ತು ಬಾರಿ ಈ ಪಂದ್ಯ ನಡೆಯಿತು. ಹತ್ತೂ ಬಾರಿ ಪೂರ್ವವೇ ಗೆದ್ದಿತು. ಒಹಾಯೊ ಸ್ಟೇಟ್ ಐದು ಸಲ, ಮಿಶಿಗನ್ ಮೂರು ಸಲ, ಮಿಶಿಗನ್ ಸ್ಟೇಟ್ ಮತ್ತು ಪೆನ್ ಸ್ಟೇಟ್ ಒಂದೊಂದು ಸಲ ಪ್ರಶಸ್ತಿ ಪಡೆದವು. ಪ್ರತಿ ವರ್ಷವೂ ಎರಡು ಕಡೆಯವರು ಸಮಬಲರಾಗಿದ್ದರೆ ಹೀಗೆ ಆಗುವ ಸಂಭವ 1,024ರಲ್ಲಿ ಒಂದು. ಹೀಗಾಗಿ ಪೂರ್ವ ಬಲಿಷ್ಠ, ಪಶ್ಚಿಮ ದುರ್ಬಲ ಎಂಬ ಮಾತು ಗಟ್ಟಿಯಾಗಿ ನೆಲೆಯೂರಿದ್ದರಲ್ಲಿ ಆಶ್ಚರ್ಯವಿಲ್ಲ. ಲೆಕ್ಕವೇನೋ ಸರಿಯಾಗಿದೆ. ಆದರೆ ಯಾವ ವಿಭಾಗ ಬಲಿಷ್ಠ ಎಂಬ ಪ್ರಶ್ನೆಗೆ ಅದು ಉತ್ತರ ಹೇಳುವುದಿಲ್ಲ.

ಮೊದಲು ಆ ಹತ್ತು ಪಂದ್ಯಗಳನ್ನೇ ನೋಡೋಣ. 2014ರಲ್ಲಿ ಒಹಾಯೊ ಸ್ಟೇಟ್ ವಿಸ್ಕಾನ್ಸಿನ್ ತಂಡವನ್ನು 59–0ರಿಂದ ಸೋಲಿಸಿತು. 2021ರಲ್ಲಿ ಮಿಶಿಗನ್ ಐಯೊವಾವನ್ನು 42–3ರಿಂದ, 2023ರಲ್ಲಿ ಮತ್ತೆ 26–0ರಿಂದ ಮಣಿಸಿತು. ಇವುಗಳ ನಡುವೆ 2015ರ ಪಂದ್ಯವೂ ಇದೆ. ಅಂದು ಕೊನೆಯ ಕಾಲುಭಾಗದಲ್ಲಿ ಹಿಂದಿದ್ದ ಮಿಶಿಗನ್ ಸ್ಟೇಟ್, ಒಂಬತ್ತು ನಿಮಿಷ ಚೆಂಡನ್ನು ಬಿಟ್ಟುಕೊಡದೆ, 22 ಪ್ಲೇಗಳಲ್ಲಿ (ಬಿಡಿ ಬಿಡಿ ದಾಳಿಗಳಲ್ಲಿ) 82 ಗಜ ಮುನ್ನಡೆದು, 27 ಸೆಕೆಂಡು ಮಾತ್ರ ಉಳಿದಿದ್ದಾಗ ಗೆರೆ ಮುಟ್ಟಿ ಐಯೊವಾದ ವಿರುದ್ಧ 16–13ರಿಂದ ಗೆದ್ದಿತು. ಮರುವರ್ಷ ಪೆನ್ ಸ್ಟೇಟ್ 7–28ರ ಹಿನ್ನಡೆಯಿಂದ ಮೇಲೆದ್ದು ವಿಸ್ಕಾನ್ಸಿನ್ ತಂಡವನ್ನು 38–31ರಿಂದ ಸೋಲಿಸಿತು. ಹತ್ತು ಪಂದ್ಯಗಳ ಗೆಲುವಿನ ಅಂತರ ಕೂಡಿದರೆ 207 ಅಂಕ, ಸರಾಸರಿ 20.7. ಇದರಲ್ಲಿ 59 ಅಂಕಗಳ ಆ ಒಂದು ಪಂದ್ಯದ ಪಾಲೇ ಕಾಲುಭಾಗಕ್ಕಿಂತ ಹೆಚ್ಚು. ಮಧ್ಯಾಂಕ, ಅಂದರೆ ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವ ಅಂತರ, ತೆಗೆದರೆ 17ಕ್ಕೆ ಇಳಿಯುತ್ತದೆ. ಪೂರ್ವದ ಅಗ್ರ ತಂಡಕ್ಕೆ ಪ್ರತಿ ವರ್ಷ ಗೆಲ್ಲುವ ಸಂಭವ ಶೇ. 80ರಷ್ಟಿತ್ತು ಎಂದು ಊಹಿಸಿದರೂ ಹತ್ತಕ್ಕೆ ಹತ್ತು ಗೆಲ್ಲುವ ಸಂಭವ ಶೇ. 11ನ್ನು ಮುಟ್ಟುವುದಿಲ್ಲ. ಪೂರ್ವದ ಅಗ್ರ ತಂಡ ಮೇಲಾಗಿತ್ತೆಂಬುದು ನಿಜ, ಆ ಸರಣಿಗೆ ಅದೃಷ್ಟದ ಸಹಾಯವೂ ಇತ್ತೆಂಬುದೂ ನಿಜ.

ಇದಕ್ಕಿಂತ ಮುಖ್ಯವಾದ ತೊಡಕು ಬೇರೆಯಿದೆ. ಪ್ರಶಸ್ತಿ ಪಂದ್ಯ ಏಳು ತಂಡಗಳಲ್ಲಿ ಒಂದನ್ನು ಮಾತ್ರ ಕಣಕ್ಕಿಳಿಸುತ್ತದೆ. ಉಳಿದ ಆರರ ಬಗ್ಗೆ ಅದು ಏನೂ ಹೇಳುವುದಿಲ್ಲ. ಸರಾಸರಿ ಬಲ ಒಂದೇ ಆಗಿರುವ ಎರಡು ವಿಭಾಗಗಳನ್ನು ಕಲ್ಪಿಸಿಕೊಳ್ಳೋಣ: ಒಂದರಲ್ಲಿ ತಂಡಗಳ ಬಲದ ಪ್ರಮಾಣಿತ ವಿಚಲನೆ (ಸರಾಸರಿಯಿಂದ ಅವು ಎಷ್ಟು ಚದುರಿವೆ ಎಂಬುದರ ಅಳತೆ) 6 ಅಂಕ, ಇನ್ನೊಂದರಲ್ಲಿ 12 ಅಂಕ. ಸಾಮಾನ್ಯ ವಿತರಣೆಯಿಂದ (ಹೆಚ್ಚಿನವು ಸರಾಸರಿಯ ಸುತ್ತಲೇ ಇರುವ ಗಂಟೆಯಾಕಾರದ ಹಂಚಿಕೆಯಿಂದ) ಏಳನ್ನು ಆರಿಸಿದರೆ ಅವುಗಳಲ್ಲಿ ಅತಿ ದೊಡ್ಡದು ಸರಾಸರಿಗಿಂತ ಸುಮಾರು 1.35 ವಿಚಲನೆಯಷ್ಟು ಮೇಲಿರುತ್ತದೆ. ಅಂದರೆ ಮೊದಲ ವಿಭಾಗದ ಅಗ್ರ ತಂಡ ಸರಾಸರಿಗಿಂತ 8 ಅಂಕ ಮೇಲಿದ್ದರೆ, ಎರಡನೆಯದರ ಅಗ್ರ ತಂಡ 16 ಅಂಕ ಮೇಲಿರುತ್ತದೆ. ವಿಭಾಗಗಳು ಒಟ್ಟಾರೆ ಸಮಬಲದವಾದರೂ ಪ್ರಶಸ್ತಿ ಪಂದ್ಯದಲ್ಲಿ ಎಂಟು ಅಂಕಗಳ ಅಂತರ ಹುಟ್ಟಿಕೊಳ್ಳುತ್ತದೆ. ಬಿಗ್ ಟೆನ್ ಪೂರ್ವದ ಚಿತ್ರ ಈ ಎರಡನೆಯ ಮಾದರಿಗೆ ಹತ್ತಿರವಿತ್ತು. 2016ರಲ್ಲಿ ಮಿಶಿಗನ್ ತನ್ನದೇ ವಿಭಾಗದ ರಟ್ಗರ್ಸ್ ತಂಡವನ್ನು ಅದರ ಅಂಗಳದಲ್ಲೇ 78–0ರಿಂದ ಸೋಲಿಸಿತು, ಮತ್ತು ಆ ವರ್ಷ ಕಾನ್ಫರೆನ್ಸಿನ ಒಂಬತ್ತು ಪಂದ್ಯಗಳಲ್ಲಿ ರಟ್ಗರ್ಸ್ ಒಂದನ್ನೂ ಗೆಲ್ಲಲಿಲ್ಲ. ಪೂರ್ವ ಬಲಿಷ್ಠ ಎನ್ನುವವರು ಈ ತಂಡವೂ ಪೂರ್ವದ್ದೇ ಎಂಬುದನ್ನು ಸಾಮಾನ್ಯವಾಗಿ ನೆನೆಯುವುದಿಲ್ಲ.

ಹಾಗಾದರೆ ಎಲ್ಲ ತಂಡಗಳನ್ನೂ ಲೆಕ್ಕಕ್ಕೆ ಹಿಡಿಯುವುದು ಹೇಗೆ? 2016ರಿಂದ, ಕೋವಿಡ್ ಕಾಲದ 2020ನ್ನು ಬಿಟ್ಟರೆ, ಪ್ರತಿ ತಂಡ ಕಾನ್ಫರೆನ್ಸಿನೊಳಗೆ ಒಂಬತ್ತು ಪಂದ್ಯ ಆಡುತ್ತಿತ್ತು: ತನ್ನ ವಿಭಾಗದ ಆರು ತಂಡಗಳ ವಿರುದ್ಧ ಒಂದೊಂದು, ಇನ್ನೊಂದು ವಿಭಾಗದ ಮೂರು ತಂಡಗಳ ವಿರುದ್ಧ ಒಂದೊಂದು. ವಿಭಾಗದೊಳಗಿನ 21 ಪಂದ್ಯಗಳಲ್ಲಿ 21 ಗೆಲುವು, 21 ಸೋಲು. ಯಾರು ಯಾರನ್ನು ಸೋಲಿಸಿದರೂ ವಿಭಾಗದ ಒಟ್ಟು ಫಲಿತಾಂಶ ಬದಲಾಗುವುದಿಲ್ಲ. ಒಂದು ತರಗತಿಯ ಮೊದಲ ರ‍್ಯಾಂಕಿನವನಿಗೂ ಪಕ್ಕದ ತರಗತಿಯ ಮೊದಲ ರ‍್ಯಾಂಕಿನವನಿಗೂ ಬೇರೆ ಬೇರೆ ಪ್ರಶ್ನೆಪತ್ರಿಕೆ ಕೊಟ್ಟಿದ್ದರೆ ರ‍್ಯಾಂಕುಗಳ ಹೋಲಿಕೆಗೆ ಎಷ್ಟು ಅರ್ಥವೋ, ವಿಭಾಗದೊಳಗಿನ ಅಂಕಪಟ್ಟಿಗಳ ಹೋಲಿಕೆಗೂ ಅಷ್ಟೇ. ಆದ್ದರಿಂದ ವಿಭಾಗಗಳ ನಡುವಿನ ಹೋಲಿಕೆಗೆ ನೇರವಾದ ಮಾಹಿತಿ ಸಿಗುವುದು ಆಚೀಚೆ ಆಡಿದ ಇನ್ನುಳಿದ 21 ಪಂದ್ಯಗಳಿಂದ.

ಆದರೆ 21 ತೀರಾ ಚಿಕ್ಕ ಸಂಖ್ಯೆ. ವಿಭಾಗಗಳು ಸಮಬಲದವಾಗಿದ್ದರೂ ಒಂದು ಕಡೆಯ ಗೆಲುವುಗಳು 10.5ರ ಸುತ್ತ ಸುಮಾರು 2.3ರಷ್ಟು ಅತ್ತಿತ್ತ ಓಲಾಡುತ್ತವೆ. 13–8 ಎಂಬ ಫಲಿತಾಂಶ ಬಂದರೆ ಅದನ್ನು ಸಾಬೀತು ಎನ್ನಲಾಗದು. ಮಾದರಿಯ ಗಾತ್ರ ಇಷ್ಟೇ ಇದ್ದಾಗ ಪಕ್ಷಪಾತವಿಲ್ಲದ ಯಾವ ವಿಧಾನವೂ ಅನಿಶ್ಚಿತತೆಯನ್ನು ಒಂದು ಮಿತಿಗಿಂತ ಕೆಳಕ್ಕೆ ಇಳಿಸಲಾರದು. ಆ ಮಿತಿಯನ್ನು ಗಣಿತದಲ್ಲಿ ಕ್ರೇಮರ್–ರಾವ್ ಮಿತಿ ಎನ್ನುತ್ತಾರೆ. ಅದರಲ್ಲಿ ಹೆಸರಿರುವ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಮುಂದೆ ಅವರು ಇದೇ ಪೆನ್ ಸ್ಟೇಟ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು.

ಗೆಲುವು–ಸೋಲಿನ ಬದಲು ಅಂಕಗಳ ಅಂತರವನ್ನು ಬಳಸಿದರೆ ಪ್ರತಿ ಪಂದ್ಯದಿಂದಲೂ ಹೆಚ್ಚು ಮಾಹಿತಿ ಹಿಂಡಬಹುದು. ಗಣಿತಜ್ಞ ಕೆನೆತ್ ಮ್ಯಾಸಿ ಬಳಸಿದ ವಿಧಾನದ ತಿರುಳು ಇದೇ: ಪ್ರತಿ ತಂಡಕ್ಕೂ ಒಂದು ಸಂಖ್ಯೆ ಕೊಡಬೇಕು, ಮತ್ತು ಎರಡು ತಂಡಗಳ ಸಂಖ್ಯೆಗಳ ವ್ಯತ್ಯಾಸ ಅವು ಆಡಿದ ಪಂದ್ಯದ ಅಂತರಕ್ಕೆ ಆದಷ್ಟು ಹತ್ತಿರವಾಗುವಂತೆ ಎಲ್ಲ ಸಮೀಕರಣಗಳನ್ನೂ ಒಟ್ಟಿಗೆ ಬಿಡಿಸಬೇಕು. ಇಲ್ಲೊಂದು ಸೊಗಸಾದ ಸಂಗತಿಯಿದೆ. ಪೂರ್ವದವರು ಪೂರ್ವದವರೊಡನೆ, ಪಶ್ಚಿಮದವರು ಪಶ್ಚಿಮದವರೊಡನೆ ಮಾತ್ರ ಆಡಿದ್ದರೆ, ಪೂರ್ವದ ಏಳೂ ತಂಡಗಳ ಸಂಖ್ಯೆಗೆ ನೂರು ಕೂಡಿಸಿದರೂ ಒಂದು ಸಮೀಕರಣವೂ ಕೆಡುವುದಿಲ್ಲ. ಗಣಕಕ್ಕೆ ಎರಡೂ ಉತ್ತರ ಸರಿಯೇ. ಆಚೀಚೆಯ ಪಂದ್ಯಗಳು, ಜೊತೆಗೆ ಕಾನ್ಫರೆನ್ಸಿನ ಹೊರಗಿನ ಎದುರಾಳಿಗಳೊಡನೆ ಆಡಿದವು, ಈ ಎರಡು ದ್ವೀಪಗಳನ್ನು ಒಂದೇ ಅಳತೆಗೋಲಿಗೆ ತರುತ್ತವೆ. ಇದಕ್ಕೆ ವಿರುದ್ಧವಾಗಿ, ಖಭೌತವಿಜ್ಞಾನಿ ವೆಸ್ಲಿ ಕಾಲಿ ರೂಪಿಸಿದ ವಿಧಾನ ಅಂತರವನ್ನು ಕಡೆಗಣಿಸಿ ಗೆಲುವು–ಸೋಲು ಮತ್ತು ಎದುರಾಳಿಯ ಬಲವನ್ನಷ್ಟೇ ನೋಡುತ್ತದೆ. ಈ ಇಬ್ಬರ ಲೆಕ್ಕಗಳನ್ನೂ ರಾಷ್ಟ್ರೀಯ ಪ್ರಶಸ್ತಿಯ ಪಂದ್ಯಕ್ಕೆ ತಂಡ ಆರಿಸಲು ಬಿಸಿಎಸ್ ವ್ಯವಸ್ಥೆ ಬಳಸುತ್ತಿತ್ತು. ದೊಡ್ಡ ತಂಡಗಳು ಅಂಕ ಏರಿಸಿಕೊಳ್ಳಲೆಂದೇ ದುರ್ಬಲರನ್ನು ಚಚ್ಚಬಾರದೆಂದು 2002ರಿಂದ ಅಂತರವನ್ನು ಲೆಕ್ಕಕ್ಕೆ ಹಿಡಿಯದಂತೆ ಕಟ್ಟುಪಾಡು ಮಾಡಿತು. ಸದುದ್ದೇಶದ ಕ್ರಮವೇ ಆದರೂ, ಮಾಪನದ ದೃಷ್ಟಿಯಿಂದ ಇದ್ದ ಮಾಹಿತಿಯನ್ನು ಕೈಯಾರೆ ಎಸೆದಂತೆ ಎಂಬುದು ನನ್ನ ಅಭಿಪ್ರಾಯ.

ಯಾರು ಯಾರೊಡನೆ ಆಡಿದರು ಎಂಬುದೂ ಸಮನಾಗಿ ಹಂಚಿಕೆಯಾಗಿರುವುದಿಲ್ಲ. 2022ರಲ್ಲಿ ಪಶ್ಚಿಮ ಗೆದ್ದ ಪರ್ಡ್ಯೂ ಪೂರ್ವದಿಂದ ಎದುರಿಸಿದ್ದು ಪೆನ್ ಸ್ಟೇಟ್, ಮೇರಿಲ್ಯಾಂಡ್ ಮತ್ತು ಇಂಡಿಯಾನ ತಂಡಗಳನ್ನು. ಒಹಾಯೊ ಸ್ಟೇಟ್ ಮತ್ತು ಮಿಶಿಗನ್ ಅದರ ವೇಳಾಪಟ್ಟಿಯಲ್ಲೇ ಇರಲಿಲ್ಲ. 2018ರ ನಾರ್ತ್‌ವೆಸ್ಟರ್ನ್ ಇನ್ನೂ ವಿಚಿತ್ರ: ಹೊರಗಿನ ಮೂರೂ ಪಂದ್ಯಗಳಲ್ಲಿ, ತೀರಾ ಸಾಧಾರಣವಾದ ಆಕ್ರನ್ ತಂಡದೆದುರೂ ಸೇರಿದಂತೆ, ಸೋತ ಅದು ಕಾನ್ಫರೆನ್ಸಿನೊಳಗೆ ಒಂಬತ್ತರಲ್ಲಿ ಎಂಟು ಗೆದ್ದು ಪಶ್ಚಿಮದ ಅಗ್ರಸ್ಥಾನಕ್ಕೇರಿತು. ಪಶ್ಚಿಮ ದುರ್ಬಲ ಎಂಬುದಕ್ಕೆ ಇದನ್ನು ಸಾಕ್ಷಿಯಾಗಿ ಒಪ್ಪಬೇಕೆಂದರೆ, ಅದೇ ವರ್ಷ ಪರ್ಡ್ಯೂ ಒಹಾಯೊ ಸ್ಟೇಟ್ ತಂಡವನ್ನು 49–20ರಿಂದಲೂ ಹಿಂದಿನ ವರ್ಷ ಐಯೊವಾ ಅದನ್ನೇ 55–24ರಿಂದಲೂ ಬಗ್ಗುಬಡಿದದ್ದನ್ನೂ ಎದುರಿಗಿಡಬೇಕಾಗುತ್ತದೆ.

ಚರ್ಚೆಗಳಲ್ಲಿ ಪದೇಪದೇ ಬರುವ ಇನ್ನೊಂದು ವಾದವನ್ನಂತೂ ಕೈಬಿಡುವುದೇ ಮೇಲು. ಒಂದು ವಿಭಾಗದ ತಂಡಗಳು ಪರಸ್ಪರ ಸೋಲಿಸಿಕೊಂಡರೆ ಎಲ್ಲರೂ ಬಲಿಷ್ಠರು ಎನ್ನುತ್ತಾರೆ. ಒಂದೇ ತಂಡ ಎಲ್ಲರನ್ನೂ ಸೋಲಿಸಿದರೆ ಆ ತಂಡ ಅಸಾಧಾರಣ ಎನ್ನುತ್ತಾರೆ. ಎದುರಾಳಿ ವಿಭಾಗದಲ್ಲಿ ಇದೇ ನಡೆದರೆ, ಎಲ್ಲರೂ ಸಾಧಾರಣ ಅಥವಾ ಉಳಿದವರೆಲ್ಲ ದುರ್ಬಲ ಎಂದು ಓದುತ್ತಾರೆ. ಯಾವ ಫಲಿತಾಂಶ ಬಂದರೂ ಸುಳ್ಳಾಗದ ವಾದದಿಂದ ತಿಳಿಯುವುದೇನೂ ಇಲ್ಲ.

ಇಷ್ಟನ್ನೆಲ್ಲ ತೂಗಿದರೆ ನನಗೆ ಕಾಣುವುದು ಇದು: ಪೂರ್ವದ ಮೇಲಿನ ಮೂರು ನಾಲ್ಕು ತಂಡಗಳು ಪಶ್ಚಿಮದ ಅಗ್ರ ತಂಡಗಳಿಗಿಂತ ಸ್ಪಷ್ಟವಾಗಿ ಮೇಲಿದ್ದವು; ಆದರೆ ಏಳಕ್ಕೆ ಏಳನ್ನು ಹೋಲಿಸಿದಾಗ ಅಂತರ 10–0 ಸೂಚಿಸುವಷ್ಟು ದೊಡ್ಡದಾಗಿರಲಿಲ್ಲ.

2024ರಲ್ಲಿ ಪಶ್ಚಿಮ ಕರಾವಳಿಯ ನಾಲ್ಕು ವಿಶ್ವವಿದ್ಯಾಲಯಗಳು ಸೇರಿ ಬಿಗ್ ಟೆನ್ 18 ತಂಡಗಳ ಕೂಟವಾಯಿತು, ವಿಭಾಗಗಳೂ ರದ್ದಾದವು. ಈಗ ಸಾಧ್ಯವಿರುವ 153 ಜೋಡಿಗಳಲ್ಲಿ 81 ಮಾತ್ರ ಋತುವಿನಲ್ಲಿ ಮುಖಾಮುಖಿಯಾಗುತ್ತವೆ. ಆ ಮೊದಲ ವರ್ಷವೇ ಪೆನ್ ಸ್ಟೇಟ್ ಮತ್ತು ಇಂಡಿಯಾನ ತಲಾ ಎಂಟು ಗೆಲುವು, ಒಂದು ಸೋಲಿನೊಂದಿಗೆ ಸಮನಾಗಿ ನಿಂತವು. ಇಬ್ಬರನ್ನೂ ಸೋಲಿಸಿದ್ದು ಒಹಾಯೊ ಸ್ಟೇಟ್, ಮತ್ತು ಅವೆರಡು ಪರಸ್ಪರ ಆಡಿರಲೇ ಇಲ್ಲ. ಕೊನೆಗೆ ಅವುಗಳ ಎದುರಾಳಿಗಳ ಗೆಲುವು–ಸೋಲನ್ನು ಲೆಕ್ಕ ಹಾಕಿ ಪೆನ್ ಸ್ಟೇಟ್ ತಂಡವನ್ನು ಇಂಡಿಯಾನಾಪೊಲಿಸ್‌ಗೆ ಕಳಿಸಲಾಯಿತು. ಅಲ್ಲಿ ಅದು ಒರೆಗಾನ್ ಎದುರು 37–45ರಿಂದ ಸೋತಿತು.