ಎರಡು ಹಳೇ ಔಷಧಿ ಸೇರಿಸಿದ್ರೆ ಪೇಟೆಂಟ್ ಸಿಗುತ್ತಾ?

ಮಳೆ ಹಿಡಿಯೋ ಮುಂಚೆ ತೀರ್ಥಹಳ್ಳಿ, ಹೊಸನಗರ ಕಡೆ ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡಿಯೋದು ಹೊಸದೇನಲ್ಲ, ಮೈಸೂರು ಸರ್ಕಾರದ ಕೃಷಿ ವಿಜ್ಞಾನಿ ಕೋಲ್ಮನ್ ಕೊಳೆರೋಗದ ಬಗ್ಗೆ ಬರೆದಿದ್ದೇ 1910ರಲ್ಲಿ. ಮೈಲುತುತ್ತ, ಸುಣ್ಣಕ್ಕೆ ಈಗ ಯಾರೂ ಪೇಟೆಂಟ್ ಕೇಳಲ್ಲ. ತಕರಾರು ಇರೋದು ಎರಡು ಶಿಲೀಂಧ್ರನಾಶಕ ಸೇರಿಸಿ ಮಾರೋ ಮಿಕ್ಸ್ ಪ್ಯಾಕೆಟ್ಟುಗಳದ್ದು. ಎರಡೂ ಹಳೇವೇ, ಸೇರಿಸಿದ್ದು ಮಾತ್ರ ಹೊಸದು ಅಂದ್ರೆ ಅದು ಆವಿಷ್ಕಾರನಾ, ಇಲ್ಲಾ ಆ ಕೆಲಸ ಗೊತ್ತಿರೋರಿಗೆ ಯಾರಿಗಾದ್ರೂ ಹೊಳೀತಿತ್ತಾ?

1970ರ ಪೇಟೆಂಟ್ ಕಾಯ್ದೇಲಿ ಇಂಥಾ ರಾಸಾಯನಿಕಗಳಿಗೆ ತಯಾರಿಸೋ ವಿಧಾನಕ್ಕಷ್ಟೇ ಪೇಟೆಂಟ್ ಇತ್ತು, 2005ರಿಂದ ವಸ್ತುವಿಗೂ ಬಂತು. ಆದ್ರೆ ಸೆಕ್ಷನ್ 3(ಇ) ಪ್ರಕಾರ ಸುಮ್ನೆ ಬೆರೆಸಿ, ಎರಡರ ಗುಣ ಕೂಡಿದಷ್ಟೇ ಸಿಕ್ಕರೆ ಪೇಟೆಂಟ್ ಇಲ್ಲ. ಹಾಗಾಗಿ ಅರ್ಜಿ ಹಾಕೋರು ಕೂಡಿದ್ದಕ್ಕಿಂತ ಜಾಸ್ತಿ ಸಿಕ್ತು ಅಂತ ಪ್ರಯೋಗದ ಅಂಕಿ ತೋರಿಸ್ತಾರೆ.

ಅದನ್ನ ಅಳೆಯೋಕೆ ಹೆಚ್ಚಾಗಿ 1967ರ ಕಾಲ್ಬಿ ಸೂತ್ರ ಹಿಡೀತಾರೆ. ಮೊದಲನೇ ಔಷಧಿ ಒಂದೇ ಹೊಡೆದ್ರೆ ರೋಗ 40% ತಡೀತು ಅನ್ಕೊಳ್ಳಿ, ಎರಡನೇದು 50%. ಮೊದಲನೇದು ಬಿಟ್ಟ 60ರಲ್ಲಿ ಎರಡನೇದು ಅರ್ಧ ತಡೆದ್ರೆ ಇನ್ನೊಂದು 30, ಒಟ್ಟು 70. ಅಂದ್ರೆ 70 ಯಾವ ಮ್ಯಾಜಿಕ್ಕೂ ಇಲ್ದೆ ಬರೋದೇ, 85 ಬಂದ್ರೆ ಮಾತಾಡ್ಬಹುದು. 73 ಬಂದ್ರೆ? ಎಷ್ಟು ಗಿಡದಲ್ಲಿ ನೋಡಿದ್ರು, ಒಂದೊಂದು ಗಿಡಕ್ಕೂ ಎಷ್ಟು ವ್ಯತ್ಯಾಸ ಇತ್ತು ಅನ್ನೋದು ಗೊತ್ತಾಗದೆ ಆ 3ಕ್ಕೆ ಬೆಲೆಯೇ ಇಲ್ಲ. ಇನ್ನೊಂದು, ಎರಡು ಔಷಧಿನ 1:4 ಪ್ರಮಾಣದಲ್ಲಿ ಮಾತ್ರ ಬೆರೆಸಿ ಟೆಸ್ಟ್ ಮಾಡಿ 1:1ರಿಂದ 1:50ರವರೆಗೂ ನಂದೇ ಅಂದ್ರೆ ಉಳಿದದ್ದಕ್ಕೆ ಪುರಾವೆ ಎಲ್ಲಿ?

ಔಷಧಿ ಹೊಡೀದೇ ಇರೋ ಗಿಡದ ಪಕ್ಕ ಇಟ್ಟು ತೋರಿಸಿದ್ರೆ ಯಾವ ಔಷಧಿನೂ ಗೆಲ್ಲುತ್ತೆ ಬಿಡಿ. ಹೋಲಿಸ್ಬೇಕಾದ್ದು ಅದಕ್ಕೆ ಅತೀ ಹತ್ತಿರದ ಹಳೇ ಮಿಕ್ಸ್ ಜೊತೆ, ಅದನ್ನೇ ಎಷ್ಟೋ ಅರ್ಜಿಗಳು ಜಾಣತನದಿಂದ ಬಿಟ್ಟಿರ್ತವೆ. ಅರ್ಜಿ ಹಾಕಿ ವರ್ಷಗಳಾದ್ಮೇಲೆ ಬರೋ ಡೇಟಾ ಬಗ್ಗೇನೂ ಜಗಳ ಇದೆ, ಮೂಲ ಅರ್ಜೀಲಿ ಸುಳಿವೇ ಇಲ್ಲದ ಲಾಭನ ಆಮೇಲೆ ತಂದು ಸೇರಿಸೋದು ನನಗಂತೂ ಸರಿ ಕಾಣಲ್ಲ. ವಿರೋಧಿಸೋರ ಪ್ರಯೋಗನೂ ಹಂಗೇ ನಂಬೋದಲ್ಲ, ಅವರೂ ತಮಗೆ ಬೇಕಾದ ಡೋಸ್ ಆರಿಸ್ಕೊಂಡಿರ್ತಾರೆ.

ನೊವಾರ್ಟಿಸ್ ಕಂಪನಿಯ ಕ್ಯಾನ್ಸರ್ ಔಷಧಿ ಬಗ್ಗೆ ಸುಪ್ರೀಂ ಕೋರ್ಟ್ 2013ರಲ್ಲಿ ಕೊಟ್ಟ ತೀರ್ಪನ್ನ ಇಲ್ಲಿ ಎಳೆದು ತರೋರಿದ್ದಾರೆ, ಆದ್ರೆ ಅಲ್ಲಿ ಮುಖ್ಯ ಪ್ರಶ್ನೆ ಸೆಕ್ಷನ್ 3(ಡಿ)ದು (ಗೊತ್ತಿರೋ ವಸ್ತುವಿನ ಹೊಸ ರೂಪಕ್ಕೆ, ಗುಣ ಹೆಚ್ಚದಿದ್ರೆ ಪೇಟೆಂಟ್ ಇಲ್ಲ ಅನ್ನೋದು), ದೇಹಕ್ಕೆ 30% ಜಾಸ್ತಿ ಸೇರುತ್ತೆ ಅಂದಮಾತ್ರಕ್ಕೆ ರೋಗ ವಾಸಿ ಮಾಡೋ ಗುಣ ಹೆಚ್ಚಾಯ್ತು ಅನ್ನೋದನ್ನ ಕೋರ್ಟ್ ಒಪ್ಪಲಿಲ್ಲ, ಅಷ್ಟೇ.

ಪೇಟೆಂಟ್ ಸಿಗೋ ಮುಂಚೆ ಯಾರು ಬೇಕಾದ್ರೂ ತಕರಾರು ಹಾಕ್ಬಹುದು, ಬೆಳೆಗಾರರ ಸಂಘನೂ ಸೇರಿ. ಸಿಕ್ಕಿ ಪ್ರಕಟ ಆದ್ಮೇಲೆ ಒಂದು ವರ್ಷ ಅವಕಾಶ, ಅದೂ ಸಂಬಂಧಪಟ್ಟೋರಿಗೆ ಮಾತ್ರ. ಕರ್ನಾಟಕದವರಿಗೆ ಪೇಟೆಂಟ್ ಆಫೀಸು ಚೆನ್ನೈ.